ನಮ್ಮ ಮನೆಯ ಸಿಳ್ಳೆನಗು

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆಯ ನಮಸ್ಕಾರ. ಹೇಗಿದ್ದೀರಿ? ಎಡ ಮೊಣಕಾಲು ನಿಮ್ಮ ಮಾತು ಕೇಳುತ್ತಿದೆಯೇ? ಹೊಸ ಕನ್ನಡಕ ಮೂಗಿನ ಮೇಲೇರಿತೇ, ಇಲ್ಲಾ ಇನ್ನೂ ಡಬ್ಬಿಯಲ್ಲೇ ನಿದ್ದೆ ಹೊಡೆಯುತ್ತಿದೆಯೇ? ಈ ಪತ್ರವನ್ನು ಕನ್ನಡಕ ಹಾಕಿಕೊಂಡು ನೀವೇ ಓದಿ, ನಾದಿನಿಯ ಕೈಗೆ ಕೊಟ್ಟು ಓದಿಸಬೇಡಿ. ಕೆಲವು ಮಾತುಗಳು ನಮ್ಮಿಬ್ಬರ ನಡುವಿನವು. ನಾದಿನಿ, ಅಳಿಯಂದಿರು, ಇಬ್ಬರು ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೆಲ್ಲ ಇಲ್ಲಿ ಕ್ಷೇಮ. ಪತ್ರಗಳಲ್ಲಿ ಈ ಮಾತನ್ನು ವಾಡಿಕೆಗೆ ಬರೆಯುತ್ತಾರೆ, ನಾನು ಮಾತ್ರ ನೋಡಿಕೊಂಡೇ ಬರೆಯುತ್ತಿದ್ದೇನೆ. ನಿಮ್ಮ ಮೊಮ್ಮಗಳು ಬಟಾಣಿ ಪಕ್ಕದ ಕೋಣೆಯಲ್ಲಿ ಅವರಪ್ಪನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದ್ದಾಳೆ. ಬಾಗಿಲು ತೆರೆದಿಟ್ಟಿದ್ದೇನೆ. ನಿಮ್ಮ ಮಗರಾಯರ ಗೊರಕೆ ಬೀದಿಗೆಲ್ಲ ಕೇಳುತ್ತಿದೆ, ಮಗುವಿನ ಉಸಿರು ಮಾತ್ರ ಕೇಳಿಸುತ್ತಿಲ್ಲ. ಕೇಳಿಸದೇ ಇರುವುದು ಎಷ್ಟು ದೊಡ್ಡ ವಿಷಯ ಅಂತ ಈಗ ಗೊತ್ತಾಗಿದೆ.

ಫೋನ್ ಇರುವಾಗ ಪತ್ರ ಯಾಕೆ ಎಂದು ಹುಬ್ಬೇರಿಸುತ್ತೀರಿ. ಫೋನಿನಲ್ಲಿ ನೀವು ‘ಹೂಂ’, ‘ಆಯ್ತು’, ‘ತಗೋ, ಇವಳ ಹತ್ರ ಮಾತಾಡು’ ಎಂದು ಮೂರೇ ಮಾತಿನಲ್ಲಿ ಮುಗಿಸಿಬಿಡುತ್ತೀರಿ. ಬಟಾಣಿಯನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಬೆಳಿಗ್ಗೆಯೇ ನೀವು ಬ್ಯಾಗು ತುಂಬಿಕೊಂಡು ಹೊರಟಿರಿ. ಮಗಳಿಗೆ ಕೈಗೂಸು, ನನ್ನ ಅವಶ್ಯಕತೆ ಇದೆ ಎಂದಿರಿ. ಅಲ್ಲಿ ನಾದಿನಿಯ ಅತ್ತೆಯೂ ಇದ್ದಾರೆ, ಒಂದು ತೊಟ್ಟಿಲಿಗೆ ಇಬ್ಬರು ಅಜ್ಜಿಯರು ಸರದಿ ಕಾಯುತ್ತಿದ್ದೀರಿ ಎಂದು ನಾದಿನಿಯೇ ಹೇಳಿ ನಕ್ಕಳು. ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ, ‘ನಾನಿಲ್ಲಿದ್ರೆ ಮಗೂಗೆ ಒಳ್ಳೇದಲ್ಲ’ ಅಂದಿರಲ್ಲ, ಆ ಮಾತು ಒಂದೂವರೆ ತಿಂಗಳಿನಿಂದ ನನ್ನ ಕಿವಿಯಲ್ಲೇ ಕೂತಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನೀವು ಮನೆಗೆ ಬರಬೇಕು. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಮಿಕ್ಕದ್ದೆಲ್ಲ ನಿಮ್ಮನ್ನು ಒಪ್ಪಿಸಲು.

ಆ ಸಂಜೆಯ ವಿಷಯ ಎತ್ತಿದರೆ ನೀವು ಪತ್ರ ಮಡಚಿಡುತ್ತೀರೇನೋ. ದಯವಿಟ್ಟು ಮಡಚಬೇಡಿ. ಮದುವೆಯಾಗಿ ಬಂದ ದಿನದಿಂದ ಎಲ್ಲರೂ ನನಗೆ ಹೇಳಿದ್ದು ಒಂದೇ: ‘ನಿಮ್ಮತ್ತೆ ಯಾರನ್ನ ಬೇಕಾದ್ರೂ ಅಣಕಿಸಿ ತೋರಿಸಬಲ್ಲಳು, ಆದ್ರೆ ಮಾಡಲ್ಲ.’ ಎಷ್ಟು ಗೋಗರೆದರೂ ನೀವು ಜಗ್ಗುತ್ತಿರಲಿಲ್ಲ. ಆ ದಿನ ಬಟಾಣಿ ನಿಮ್ಮ ಮೊಣಕಾಲಿಗೆ ಗಂಟುಬಿದ್ದಳು. ಮೇಲಿನ ಮನೆಯ ಮ್ಯಾನೇಜರು ಬಿಚ್ಚಿಕೊಳ್ಳದ ಕೊಡೆಯ ಜೊತೆ ಗುದ್ದಾಡುವುದನ್ನು ನೀವು ಬರಿಗೈಯಲ್ಲಿ ಮಾಡಿ ತೋರಿಸಿದಿರಿ. ಅಯ್ಯೋ, ಆ ಕೊಡೆ ನನಗೂ ಕಂಡಿತು! ಬಟಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಕೊನೆಗೆ ಸಿಳ್ಳೆ ಬಂತು. ನಾವೆಲ್ಲ ‘ಬಂತು, ಬಂತು’ ಎಂದು ಚಪ್ಪಾಳೆ ತಟ್ಟಿದೆವು. ಸಿಳ್ಳೆ ನಿಲ್ಲಲಿಲ್ಲ. ನಮಗೆಲ್ಲ ಗೊತ್ತಾಗುವ ಮುಂಚೆ ನಿಮಗೆ ಗೊತ್ತಾಗಿತ್ತು ಅತ್ತೆ. ನಿಮ್ಮ ಕೈ ಕೊಡೆ ಹಿಡಿದ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತ್ತು, ಮುಖ ಸುಣ್ಣದಂತಾಗಿತ್ತು. ಮಗುವಿನ ತುಟಿಯ ಬಣ್ಣ ಬದಲಾದದ್ದನ್ನು ನಾನು ನೋಡಿದ್ದು ಆಮೇಲೆ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಹೊಗೆಯಂಥ ಔಷಧಿ ಕೊಟ್ಟದ್ದು, ಬೆಳಗಾಗುವಷ್ಟರಲ್ಲಿ ಅವಳು ಬಿಸ್ಕತ್ತು ಕೇಳಿದ್ದು ನಿಮಗೆ ಗೊತ್ತು. ನೀವು ಹೋದ ಮೇಲಿನದು ಗೊತ್ತಿಲ್ಲ. ಮಕ್ಕಳ ಡಾಕ್ಟರಮ್ಮ ನನಗಿಂತ ಚಿಕ್ಕವರು, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಅದನ್ನೇ ಮೇಜೆಲ್ಲ ಹುಡುಕುವವರು. ಹಿಂದೆ ಯಾವತ್ತಾದರೂ ಹೀಗೆ ಸಿಳ್ಳೆ ಬಂದಿತ್ತಾ ಎಂದು ಕೇಳಿದರು. ನಿಮ್ಮ ಮಗರಾಯರಿಗೆ ಹೆಮ್ಮೆ ತಡೆಯಲಿಲ್ಲ. ‘ಬರದೇ ಇರುತ್ತಾ ಡಾಕ್ಟರೇ, ಅದು ನಮ್ಮ ಮನೆ ನಗು’ ಎಂದು ಜೇಬಿನಿಂದ ಫೋನ್ ತೆಗೆದರು. ಬಟಾಣಿಗೆ ಮೂರು ವರ್ಷವಾಗಿದ್ದಾಗ ಮೊದಲ ಸಲ ಸಿಳ್ಳೆ ಬಂದದ್ದನ್ನು ರೆಕಾರ್ಡು ಮಾಡಿ ಬಂಧುಬಳಗಕ್ಕೆಲ್ಲ ಕಳಿಸಿದ್ದರಲ್ಲ, ಅದನ್ನೇ ಹಾಕಿದರು. ಅದರಲ್ಲಿ ನಾವೆಲ್ಲ ಕೂಗುತ್ತಿದ್ದೇವೆ: ‘ಮುತ್ತಾತನ ನಗು ಬಂತು! ನಮ್ಮ ಮನೆ ಮಗು ಅನ್ನೋಕೆ ಇನ್ನೇನು ಬೇಕು!’ ಡಾಕ್ಟರಮ್ಮ ನಗಲಿಲ್ಲ. ‘ಇನ್ನೊಂದ್ಸಲ ಹಾಕಿ’ ಅಂದರು. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಬಹಳ ಮೆತ್ತಗೆ, ‘ಇದು ನಗು ಅಲ್ಲ. ನಗು ಮುಗಿದ ಮೇಲೆ ಬರ್ತಿರೋದು ಉಬ್ಬಸ. ಉಸಿರಿನ ದಾರಿ ಕಿರಿದಾದಾಗ ಗಾಳಿ ಹೊರಗೆ ಬರೋಕೆ ಒದ್ದಾಡೋ ಸದ್ದು’ ಅಂದರು. ನಿಮ್ಮ ಮಗ ಫೋನನ್ನು ಜೇಬಿಗೆ ಹಾಕುವುದನ್ನೂ ಮರೆತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು.

ಯೋಚಿಸಿ ಅತ್ತೆ. ಒಂದು ಇಡೀ ಮನೆತನ ತನ್ನ ಕಾಯಿಲೆಯನ್ನು ತನ್ನ ಗುರುತು ಅಂದುಕೊಂಡು ಮೆರೆದಿದೆ. ಹೆಣ್ಣು ನೋಡಲು ಬಂದ ದಿನ ನಿಮ್ಮ ಕಡೆಯವರೆಲ್ಲ ನಮ್ಮ ಮನೆಯಲ್ಲಿ ಕೂತು ನಕ್ಕದ್ದು, ಒಬ್ಬರಾದ ಮೇಲೊಬ್ಬರು ಕೊನೆಗೆ ಕುಕ್ಕರಿನ ಹಾಗೆ ಸಿಳ್ಳೆ ಬಿಟ್ಟದ್ದು, ನಮ್ಮಪ್ಪ ಕಣ್ಣುಬಾಯಿ ಬಿಟ್ಟು ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನನ್ನ ನಗುವಿಗೆ ಸಿಳ್ಳೆ ಇಲ್ಲ ಎಂದು ನಿಮ್ಮ ಮನೆಯವರು ಇಷ್ಟು ವರ್ಷ ನನ್ನ ಕಾಲೆಳೆದಿದ್ದಾರೆ. ‘ಪಾಪ, ಅವಳದು ಸಪ್ಪೆ ನಗು’ ಅಂತ. ಬಟಾಣಿಗೆ ಸಿಳ್ಳೆ ಬಂದ ದಿನ ನನಗೂ ಒಳಗೊಳಗೇ ಜಂಬವಾಗಿತ್ತು, ಸುಳ್ಳು ಹೇಳಲಾರೆ. ಆ ದಿನ ಚಪ್ಪಾಳೆ ತಟ್ಟದೇ ಇದ್ದವರು ನೀವೊಬ್ಬರೇ. ಮಗು ಜೋರಾಗಿ ನಕ್ಕಾಗಲೆಲ್ಲ ‘ಸಾಕು, ಸಾಕು’ ಎಂದು ಬೆನ್ನು ಸವರುತ್ತಿದ್ದಿರಿ. ಇವರಿಗೆ ಮಕ್ಕಳು ನಕ್ಕರೆ ಆಗುವುದಿಲ್ಲ ಎಂದು ನಾನು ಮೂಗು ಮುರಿಯುತ್ತಿದ್ದೆ.

ಆಮೇಲೆ ಡಾಕ್ಟರಮ್ಮ ಮನೆತನದ ಚರಿತ್ರೆಗೆ ಇಳಿದರು. ಮಲಗಿಸಿ ನೋಡುವ ಹಾಸಿಗೆಯ ಮೇಲೆ ಹಾಸುವ ಕಾಗದದ ಸುರುಳಿ ಇರುತ್ತದಲ್ಲ, ಅದರಿಂದಲೇ ಒಂದು ಮೊಳ ಹರಿದು, ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆಯುತ್ತಾ, ಯಾರಿಗೆ ಉಬ್ಬಸ, ಯಾರಿಗೆ ಸೀನು, ಯಾರಿಗೆ ಚರ್ಮದ ತುರಿಕೆ ಎಂದು ಕೇಳುತ್ತಾ ಹೋದರು. ನಾವಿಬ್ಬರೂ ಒಂದೇ ದನಿಯಲ್ಲಿ ಯಾರಿಗೂ ಏನೂ ಇಲ್ಲ ಎಂದೆವು. ಅವರು ಬೇಸರಿಸಲಿಲ್ಲ. ‘ಕಾಯಿಲೆ ಬಿಡಿ. ನಿಮ್ಮ ಮನೆಯವರ ಕಥೆ ಹೇಳಿ. ಯಾರು ಹೇಗಿದ್ರು?’ ಅಂದರು. ಕಥೆ ಅಂದರೆ ನಿಮ್ಮ ಮಗನಿಗೆ ಬಾಯಿಗೆ ಬೀಗ ಎಲ್ಲಿದೆ? ಶುರು ಹಚ್ಚಿಕೊಂಡರು.

ನಿಮ್ಮ ತಂದೆ ಕುರ್ಚಿ ತಾತನ ಕಥೆ ಹೇಳಿದರು. ಜೀವಮಾನವಿಡೀ ಹಾಸಿಗೆಯಲ್ಲಿ ಮಲಗದೆ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿದವರು, ಕಳ್ಳರಿಂದ ಮನೆ ಕಾಯುವಷ್ಟು ಜವಾಬ್ದಾರಿಯ ಮನುಷ್ಯ. ಹಿಟ್ಟಿನ ಗಿರಣಿಯಲ್ಲಿ ಒಳ್ಳೆಯ ಕೆಲಸವಿತ್ತು, ಮಾಲೀಕನ ಮೇಲೆ ಸಿಟ್ಟಾಗಿ ಬಿಟ್ಟು ಗಡಿಯಾರದ ಅಂಗಡಿ ಹಾಕಿದ ಸ್ವಾಭಿಮಾನಿ. ಅವರ ತಾಯಿ ಮುನಿಸಿನಜ್ಜಿ, ಕಂಬಳಿ ಹಾಸಿದ ಕೋಣೆಗೆ ಕಾಲಿಡದೆ, ಕೊರೆಯುವ ಚಳಿಯಲ್ಲೂ ತೆರೆದ ಕಿಟಕಿಯ ಪಕ್ಕದಲ್ಲೇ ಕೂತು ಯಾರ ಜೊತೆಯೂ ಹೆಚ್ಚು ಮಾತಾಡದ ಗರ್ವಿಷ್ಠೆ. ನಿಮ್ಮಣ್ಣ ದೊಡ್ಡಮಾವನ ಮೊಣಕೈ ತುರಿಸಿದರೆ ಮನೆಗೆ ನೆಂಟರು ಬರುತ್ತಾರೆ. ನಾದಿನಿಯದು ಮೆದು ಮನಸ್ಸು, ಯಾರ ಮದುವೆಗೆ ಹೋದರೂ ಹೂವಿನ ಮಂಟಪದ ಮುಂದೆ ನಿಂತು ಮೂಗು ಕೆಂಪಾಗುವಷ್ಟು ಅಳುತ್ತಾಳೆ. ಇನ್ನು ಇವರದೇ ಬೆಳಗಿನ ಸೀನು. ಸಾಲಾಗಿ ಸೀನಿ ಇಡೀ ಮಹಡಿಯನ್ನು ಎಬ್ಬಿಸುತ್ತಾರೆ, ನಮ್ಮ ಮನೆಗೆ ಅಲಾರಂ ಬೇಡ. ಇವರು ಹೇಳುತ್ತಾ ಹೋದ ಹಾಗೆ ಡಾಕ್ಟರಮ್ಮ ಒಂದೊಂದೇ ಸೊನ್ನೆಗೆ, ಚೌಕಕ್ಕೆ ಮಸಿ ತುಂಬುತ್ತಾ ಹೋದರು. ಇವರ ದನಿ ನಿಧಾನವಾಗಿ ಇಳಿಯಿತು. ಕೊನೆಗೆ ತಮ್ಮ ಚೌಕಕ್ಕೆ ಮಸಿ ತುಂಬುವುದನ್ನು ಬಗ್ಗಿ ನೋಡಿದರು.

ನನಗೆ ಮೈ ಜುಮ್ಮೆಂದಿತು ಅತ್ತೆ. ಮುನಿಸಿನಜ್ಜಿ ಗರ್ವಿಷ್ಠೆ ಆಗಿರಲಿಲ್ಲ, ಆಕೆಗೆ ಗಾಳಿ ಬೇಕಿತ್ತು. ಮಾತಾಡದೇ ಇದ್ದದ್ದು ಉಸಿರು ಉಳಿಸಲು. ಕುರ್ಚಿ ತಾತ ಕಳ್ಳರನ್ನು ಕಾಯಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗಿರಣಿಯ ಹಿಟ್ಟಿನ ಧೂಳು ಅವರನ್ನು ಓಡಿಸಿತು, ಹಾಗಾಗಿ ಗಡಿಯಾರದ ಅಂಗಡಿ ಬಂತು. ಆ ಅಂಗಡಿ ಬಂದದ್ದಕ್ಕೇ ನಿಮ್ಮಣ್ಣ ಗಡಿಯಾರದವರಾದರು, ನೀವು ಆ ಬೀದಿಯಲ್ಲಿ ಬೆಳೆದು ಮಾವನವರ ಕಣ್ಣಿಗೆ ಬಿದ್ದಿರಿ, ಇವರು ಹುಟ್ಟಿದರು, ನನ್ನ ಬಟಾಣಿ ಹುಟ್ಟಿದಳು. ಒಬ್ಬ ಮನುಷ್ಯನಿಗೆ ಹಿಟ್ಟಿನ ಧೂಳು ಆಗದೇ ಇದ್ದದ್ದರಿಂದ ನಾವೆಲ್ಲ ಇದ್ದೇವೆ! ಆಸ್ಪತ್ರೆಯಿಂದ ಮನೆಗೆ ನಡೆದು ಬರುವಾಗ ನನಗೆ ದಾರಿಯೇ ಕಾಣಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ದಂತವೈದ್ಯರು ಕಳಿಸಿದ ಅಚ್ಚಿಗೆ ಗಾರೆ ಹೊಯ್ದು, ಬಾಯಿಯ ಪಡಿಯಚ್ಚು ತೆಗೆದು, ಹಲ್ಲು ಕಟ್ಟುವುದು. ನಮ್ಮ ಲ್ಯಾಬಿನ ಕಪಾಟಿನಲ್ಲಿ ಒಂದೇ ಮನೆಯ ಮೂರು ತಲೆಮಾರಿನ ಬಾಯಿಗಳು ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಅಜ್ಜನ ಸೊಟ್ಟ ಕೋರೆಹಲ್ಲು ಮೊಮ್ಮಗನ ಬಾಯಲ್ಲಿ ಅದೇ ಸೊಟ್ಟಕ್ಕೆ ನಿಂತಿರುವುದನ್ನು ಕಂಡು ನಾನು ಎಷ್ಟೋ ಸಲ ಕೆಲಸ ನಿಲ್ಲಿಸಿ ನೋಡಿದ್ದೇನೆ. ಹಲ್ಲಾದರೆ ಕಲ್ಲಿನಂಥ ವಸ್ತು, ದಾಟಿ ಬಂತು ಅಂದರೆ ನಂಬಬಹುದು. ಆದರೆ ಉಸಿರು! ಕೈಗೆ ಸಿಗದ, ಕಣ್ಣಿಗೆ ಕಾಣದ, ಯಾವ ಗಾರೆಯಲ್ಲೂ ಅಚ್ಚು ಬೀಳದ ಉಸಿರು, ಮುನಿಸಿನಜ್ಜಿಯ ಎದೆಯಿಂದ ಹೊರಟು ಐದನೇ ತಲೆಮಾರಿಗೆ ಇಳಿದು ನನ್ನ ಆರು ವರ್ಷದ ಮಗಳ ಎದೆಯಲ್ಲಿ ಅದೇ ಸಿಳ್ಳೆ ಹಾಕುತ್ತದೆ. ಆ ಅಜ್ಜಿಯ ಒಂದು ಫೋಟೋ ಕೂಡ ಇಲ್ಲ. ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ. ಆದರೂ ಆಕೆಯ ಉಸಿರಾಟ ಹೇಗಿತ್ತು ಎಂದು ನನಗೆ ಗೊತ್ತು.

ನಿಮ್ಮಿಂದಲೇ ಇದು ಬಂತು ಎಂದು ಕೊರಗುತ್ತಿದ್ದೀರಿ ಅಂದುಕೊಂಡಿದ್ದೇನೆ. ಹಾಗಿದ್ದರೆ ಇದನ್ನೂ ಕೇಳಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಡಾಕ್ಟರಮ್ಮ ನನ್ನ ಕಡೆಯದ್ದು ಕೇಳಿದಾಗ ನಾನು ಎದೆ ಸೆಟೆಸಿ, ನಮ್ಮ ಕಡೆ ಎಲ್ಲ ಗಟ್ಟಿಮುಟ್ಟು ಎಂದೆ. ಮನೆಯಲ್ಲಿ ಒಮ್ಮೆ ಕೇಳಿ ಹೇಳಿ ಅಂದರು. ಅಲ್ಲಿಂದಲೇ ಅಮ್ಮನಿಗೆ ಫೋನ್ ಹಚ್ಚಿದೆ. ‘ನಮ್ಮ ಕಡೆ ಎಂಥದೂ ಇಲ್ಲ ಕಣೇ’ ಎಂದು ಗದರಿದರು. ಫೋನ್ ಇಡುವ ಮುಂಚೆ ಮಾತ್ರ, ‘ನಿಮ್ಮಪ್ಪ ಚಿಕ್ಕವರಿದ್ದಾಗ ಮೊಟ್ಟೆ ತಿಂದ್ರೆ ತುಟಿ ಊದ್ತಿತ್ತಂತೆ, ಅಷ್ಟೆ. ನನಗೆ ವಾಸನೆ ಸೋಪು ಹಾಕಿದ್ರೆ ಮೈಯೆಲ್ಲ ದದ್ದು ಏಳುತ್ತೆ, ಅಷ್ಟೆ. ನಿಂಗಂತೂ ಎಳೇ ಕೂಸಿದ್ದಾಗ ಕೆನ್ನೆ ಎರಡೂ ಒಡೆದು ನೀರು ಸುರೀತಿತ್ತು, ಅಷ್ಟೆ’ ಎಂದು ಮೂರು ‘ಅಷ್ಟೆ’ ಹಾಕಿದರು. ಡಾಕ್ಟರಮ್ಮ ನನ್ನ ಕಡೆಯ ಸೊನ್ನೆಗಳಿಗೂ ಮಸಿ ತುಂಬಿದರು. ಲ್ಯಾಬಿನಲ್ಲಿ ನನ್ನ ಬೆರಳು ಸಿಪ್ಪೆ ಏಳುವುದನ್ನು ನಾನು ಕೆಲಸದ ಗುರುತು ಅಂದುಕೊಂಡಿದ್ದೆ. ಅದನ್ನೂ ಸೇರಿಸಿಕೊಂಡರು. ಮಗುವಿಗೆ ನಾವು ಎರಡೂ ಕಡೆಯಿಂದ ಧಾರಾಳವಾಗಿಯೇ ಕೊಟ್ಟಿದ್ದೇವೆ ಅತ್ತೆ, ನಿಮ್ಮೊಬ್ಬರ ಕಾಣಿಕೆ ಏನಲ್ಲ. ಚರ್ಮ, ಮೂಗು, ಎದೆ ಮೂರರ ತೊಂದರೆಯೂ ಒಂದೇ ಸ್ವಭಾವ ಬೇರೆ ಬೇರೆ ಕಡೆ ಹಣಕಿ ನೋಡುವುದಂತೆ. ದಾಟಿ ಬರುವುದು ಕಾಯಿಲೆಯಲ್ಲ, ಕಾಯಿಲೆಯ ಕಡೆಗಿನ ಒಲವು. ಕೆಲವರಲ್ಲಿ ಅದು ಕೊನೆತನಕ ಸುಮ್ಮನೆ ಮಲಗಿರುತ್ತದೆ, ಕೆಲವರಲ್ಲಿ ಧೂಳು, ಹೊಗೆ, ನೆಗಡಿ ಹೀಗೆ ಏನಾದರೊಂದು ತಟ್ಟಿ ಎಬ್ಬಿಸುತ್ತದೆ. ಯಾರೂ ಯಾರಿಗೂ ಬೇಕೆಂದು ಕೊಟ್ಟದ್ದಲ್ಲ.

ಬರುವ ಸಲ ಇನ್ನಷ್ಟು ಕೇಳಿಕೊಂಡು ಬನ್ನಿ, ಹಿರಿಯರ ಪೈಕಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ತೀರಿಕೊಂಡಿದ್ದರೆ ಮುಖ್ಯವಾಗಿ ಎಂದು ಡಾಕ್ಟರಮ್ಮ ಹೇಳಿದ್ದರು. ಅದಕ್ಕೇ ಕಳೆದ ವಾರ ಲ್ಯಾಬಿನಿಂದ ನೇರವಾಗಿ ದೊಡ್ಡಮಾವನ ಅಂಗಡಿಗೆ ಹೋದೆ. ನಿಮ್ಮ ದೊಡ್ಡಣ್ಣ ಎಂದಿನಂತೆ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ತೋಳು ಮಡಚಿ, ಮೊಣಕೈ ಕೆರೆದುಕೊಳ್ಳುತ್ತಾ, ‘ನೋಡು, ತುರಿಸ್ತು, ನೀನು ಬಂದೆ’ ಅಂದರು. ಗೋಡೆ ತುಂಬ ಗಡಿಯಾರ, ಒಂದರ ಮುಳ್ಳು ಇನ್ನೊಂದಕ್ಕೆ ಒಪ್ಪುವುದಿಲ್ಲ. ಬಟಾಣಿಯ ತುಂಟತನ ಒಂದು ಹೇಳಿದೆ, ನಕ್ಕರು. ಮೊದಲ ಸಲ ನಾನು ಆ ನಗುವಿನ ಕೊನೆಯನ್ನು ಕಿವಿಗೊಟ್ಟು ಕೇಳಿದೆ. ಅದೇ ಸದ್ದು, ಮಗಳದೇ ಸದ್ದು, ಎಪ್ಪತ್ತು ದಾಟಿದ ಎದೆಯಲ್ಲಿ. ನನಗೆ ಭಯವೂ ಆಯಿತು, ಕೈಮುಗಿಯಬೇಕು ಅಂತಲೂ ಅನ್ನಿಸಿತು. ವಿಷಯ ಹೇಳಿದಾಗ ಅವರು ಮಸೂರ ತೆಗೆದು ಒರೆಸಿಟ್ಟರು. ಆಮೇಲೆ ನಿಮ್ಮ ನಡುವಿನ ಅಣ್ಣನ ಮಾತು ಎತ್ತಿದರು.

ಹದಿನಾಲ್ಕರ ಹುಡುಗ, ನಗುತ್ತಾ ನಗುತ್ತಾ ಹೋದ, ಯಾರಿಗುಂಟು ಅಂಥ ಸಾವು ಎಂದು ನಿಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ. ಆ ಕಥೆ ಶುರುವಾದರೆ ನೀವು ಎದ್ದು ಒಳಗೆ ಹೋಗುತ್ತೀರಿ. ದುಃಖಕ್ಕೆ ಎಂದು ಎಣಿಸಿದ್ದೆ. ನಗಿಸಿದವರು ಯಾರು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಎಂಟು ವರ್ಷದ ನೀವು ಎಂದು ದೊಡ್ಡಮಾವ ಹೇಳಿದರು. ಶಾಲೆಯ ಮೇಷ್ಟ್ರು ಸೀನು ತಡೆಯುವುದನ್ನು ಮಾಡಿ ತೋರಿಸಿದಿರಂತೆ. ಅವನು ನಕ್ಕ, ಸಿಳ್ಳೆ ಬಂತು, ಸಿಳ್ಳೆ ನಿಲ್ಲಲಿಲ್ಲ. ಅತ್ತೆ, ಇಷ್ಟು ವರ್ಷ ಇದನ್ನು ಒಬ್ಬರೇ ಎದೆಯಲ್ಲಿ ಇಟ್ಟುಕೊಂಡು ಹೇಗೆ ಬದುಕಿದಿರಿ? ಆ ಸಂಜೆ ನನ್ನ ಮಗಳ ಮುಂದೆ ನಿಮ್ಮ ಕೈ ಗಾಳಿಯಲ್ಲಿ ನಿಂತದ್ದು ಯಾಕೆ ಎಂದು ಆಗ ಅರ್ಥವಾಯಿತು. ಅಂಗಡಿಯಲ್ಲೇ ಅತ್ತುಬಿಟ್ಟೆ.

ಆದರೆ ನಿಮಗೆ ಗೊತ್ತಿಲ್ಲದ್ದೊಂದಿದೆ. ಅದಕ್ಕೂ ಮುಂಚೆ ಹಲವು ದಿನ ನಿಮ್ಮನ್ನು ಮನೆಯಲ್ಲಿ ಇಟ್ಟುಕೊಂಡಿರಲಿಲ್ಲ, ನೆನಪಿದೆಯೇ? ಚಿಕ್ಕಮ್ಮನ ಮನೆಯಲ್ಲಿ ಆಟವಾಡಿಕೊಂಡಿರು ಎಂದು ಬಿಟ್ಟಿದ್ದರು. ಅಣ್ಣನಿಗೆ ಹುಷಾರಿರಲಿಲ್ಲ, ಅಂಟುವ ಕೆಮ್ಮು ಎಂದು ಹೆದರಿ ನಿಮ್ಮನ್ನು ದೂರ ಇಟ್ಟಿದ್ದರು. ಅಷ್ಟು ದಿನವೂ ಅವನು ಮಲಗಲಾರದೆ, ಮೇಜಿನ ಮೇಲೆ ದಿಂಬಿಟ್ಟು ಅದರ ಮೇಲೆ ಬಗ್ಗಿ ಕೂತೇ ಇದ್ದನಂತೆ. ಅನ್ನ ಸೇರುತ್ತಿರಲಿಲ್ಲ, ಒಂದು ಮಾತು ಪೂರ್ತಿ ಆಡಲು ಆಗುತ್ತಿರಲಿಲ್ಲ. ನೀವು ಬಂದಾಗ ಅವನು ಕುರ್ಚಿಯಲ್ಲಿ ಕೂತಿದ್ದನ್ನು ಮಾತ್ರ ನೋಡಿದಿರಿ. ಅಪ್ಪನ ಹಾಗೇ ಕೂತಿದ್ದಾನೆ ಅಂದುಕೊಂಡಿರಬೇಕು, ಪಾಪ.

ಇದನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿ, ನಿಮ್ಮ ಪರವಾಗಿ ನಾನೇ ಆ ಪ್ರಶ್ನೆ ಕೇಳಿದೆ. ಸುಮ್ಮನೆ ಸಮಾಧಾನಕ್ಕೆ ಹೇಳಬೇಡಿ, ಇದ್ದದ್ದು ಹೇಳಿ ಎಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ‘ಜೋರಾಗಿ ನಕ್ಕರೆ ಉಬ್ಬಸ ಕೆರಳುತ್ತೆ, ಸುಳ್ಳು ಹೇಳಲ್ಲ. ಆದ್ರೆ ಆ ಹುಡುಗನ ಉಸಿರಿನ ದಾರಿ ದಿನಗಟ್ಟಲೆ ಊದಿಕೊಂಡು ಮುಚ್ಚುತ್ತಾ ಬಂದಿತ್ತು. ಔಷಧಿ ಸಿಕ್ಕಿರಲಿಲ್ಲ. ಒಂದು ಮೆಟ್ಟಿಲು ಹತ್ತಿದ್ರೂ ಹಾಗೆ ಆಗಬಹುದಿತ್ತು, ತಣ್ಣನೆ ಗಾಳಿ ಬೀಸಿದ್ರೂ ಆಗಬಹುದಿತ್ತು, ಸುಮ್ಮನೆ ಕೂತಿದ್ರೂ ಆಗಬಹುದಿತ್ತು. ಅವನು ಹೋಗಿದ್ದು ನಗುವಿನಿಂದಲ್ಲ, ಚಿಕಿತ್ಸೆ ಇಲ್ಲದ ಆಸ್ತಮಾದಿಂದ. ನಿಮ್ಮತ್ತೆಗೆ ಇದನ್ನ ನಾನು ಹೇಳಿದೆ ಅಂತ ಹೇಳಿ.’ ಹೇಳಿದ್ದೇನೆ ಅತ್ತೆ. ಇನ್ನೊಂದು ಸಲ ಓದಿ ಬೇಕಾದರೆ.

ಮನೆಯ ಸುದ್ದಿ ಹೇಳದಿದ್ದರೆ ಪತ್ರ ಮುಗಿದ ಹಾಗಾಗುವುದಿಲ್ಲ. ಬಟಾಣಿ ಬೆಳಿಗ್ಗೆ ಸಂಜೆ ಒಂದು ಪ್ಲಾಸ್ಟಿಕ್ ಕೊಳವೆಗೆ ಬಾಯಿಟ್ಟು ಔಷಧಿ ಎಳೆದುಕೊಳ್ಳುತ್ತಾಳೆ. ಅದಕ್ಕೆ ಆನೆ ಎಂದು ಹೆಸರಿಟ್ಟಿದ್ದಾಳೆ, ಮಲಗುವ ಮುಂಚೆ ಆನೆಗೂ ಹೊದಿಕೆ ಹೊದಿಸಬೇಕು. ಹಳೆಯ ಜಮಖಾನ ಹೊರಗೆ ಹೋಯಿತು. ಹೊದಿಕೆ, ದಿಂಬಿನ ಚೀಲವೆಲ್ಲ ವಾರಕ್ಕೊಮ್ಮೆ ಕುದಿಯುವ ನೀರಿಗೆ. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ಲಿಫ್ಟೇ ಇಲ್ಲದ ನಮ್ಮ ಕಟ್ಟಡಕ್ಕೆ ಏದುಸಿರು ಬಿಡುತ್ತಾ ಹತ್ತಿ ಬರುವ ನಿಮ್ಮ ಮಗರಾಯರು ಮೂಗಿಗೆ ಹನಿ ಔಷಧಿ ಶುರು ಮಾಡಿದ್ದಾರೆ. ಬೆಳಿಗ್ಗೆ ಸೀನು ಇಲ್ಲ, ಇಡೀ ಮಹಡಿ ಕೆಲಸಕ್ಕೆ ತಡವಾಗಿ ಹೋಗುತ್ತಿದೆ. ದೊಡ್ಡಮಾವನನ್ನೂ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದಾಯಿತು. ಅಳಿಯಂದಿರು ಬಾಲ್ಕನಿಯಲ್ಲಿ ನಿಂತು ಸಿಗರೇಟು ಸೇದಿದರೆ ಕೂಸಿಗೆ ತಾಗುವುದಿಲ್ಲ ಅಂದುಕೊಂಡಿದ್ದರೆ ಅದು ಸುಳ್ಳಂತೆ, ಬಟ್ಟೆಯಲ್ಲಿ ಒಳಗೆ ಬರುತ್ತದಂತೆ. ಅದನ್ನು ನೀವು ಹೇಳಿದರೇ ಅವರು ಕೇಳುವುದು. ಮತ್ತೆ ಅತ್ತೆ, ನಮ್ಮ ಮೆಟ್ಟಿಲಿನ ಎರಡನೇ ತಿರುವಿನಲ್ಲಿ ನೀವು ದಿನಾ ನಿಂತು ಪಾರಿವಾಳ ನೋಡುತ್ತೀರಲ್ಲ, ಅಲ್ಲಿ ಪಾರಿವಾಳ ಕೂರುವುದೇ ಇಲ್ಲ. ನಾನು ನೋಡಿದ್ದೇನೆ. ಡಾಕ್ಟರಮ್ಮ ನಿಮ್ಮ ಸೊನ್ನೆಯನ್ನು ಹಾಗೇ ಖಾಲಿ ಬಿಟ್ಟಿದ್ದಾರೆ, ಎದೆ ಪರೀಕ್ಷೆ ಮಾಡದೆ ತುಂಬುವುದಿಲ್ಲವಂತೆ.

ಇನ್ನು ಬಟಾಣಿ ನಗುವ ವಿಷಯ. ಈಗ ನಗಬಹುದು, ಎಷ್ಟು ಬೇಕಾದರೂ ನಗಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಮೊನ್ನೆ ಸ್ನಾನದ ಮನೆಯಲ್ಲಿ ಅವರಪ್ಪ ಜಾರಿ ಬಕೆಟ್ಟಿನಲ್ಲಿ ಕೂತಾಗ ಅವಳು ನಕ್ಕದ್ದು ಕೇಳಿ ನಾನು ಗ್ಯಾಸ್ ಆರಿಸದೆ ಓಡಿ ಬಂದೆ. ನಗು ಏರಿತು, ಏರಿತು, ಆಮೇಲೆ ಇಳಿದು ಸುಮ್ಮನೆ ನಿಂತಿತು. ಕೊನೆಗೆ ಏನೂ ಇಲ್ಲ. ಐದು ತಲೆಮಾರಿನಲ್ಲಿ ಸಿಳ್ಳೆಯಿಲ್ಲದೆ ಮುಗಿದ ಮೊದಲ ನಗು ಅದು, ಅದೂ ಬಕೆಟ್ಟಿನಲ್ಲಿ ಕೂತ ನಿಮ್ಮ ಮಗನ ದೆಸೆಯಿಂದ. ನನಗೆ ಕಣ್ಣೀರು ಬಂತು. ಇವರಿಗೂ ಬಂತು, ಆದರೆ ಸೊಂಟ ನೋವಿಗೆ ಅಂದರು. ನಮ್ಮದೇನನ್ನೋ ಕಳೆದುಕೊಂಡ ಹಾಗೂ ಒಂದು ಗಳಿಗೆ ಅನ್ನಿಸಿತು. ಆಮೇಲೆ ಅನ್ನಿಸಿದ್ದು, ಇಲ್ಲ, ನಗು ಇದೆ, ಅದು ನಿಮ್ಮ ಕಡೆಯದೇ ನಗು, ತುಂಬ ದಿನದಿಂದ ಅದಕ್ಕೆ ಉಸಿರು ಸಾಲುತ್ತಿರಲಿಲ್ಲ ಅಷ್ಟೆ.

ನಾದಿನಿಗೆ ನನ್ನ ಪ್ರೀತಿ, ಮಕ್ಕಳಿಗೆ ಮುತ್ತು, ಅಳಿಯಂದಿರಿಗೆ ನಮಸ್ಕಾರ ಮತ್ತು ಮೇಲಿನ ಬೈಗುಳ. ನಿಮ್ಮ ಹಾಸಿಗೆಯ ಹೊದಿಕೆ ಒಗೆದು ಹಾಸಿದ್ದೇನೆ. ಬೆಚ್ಚಗಿರಿ.

ನಿಮ್ಮ ಆಶೀರ್ವಾದ ಬೇಡುವ,
ಸಪ್ಪೆ ನಗುವಿನ ಸೊಸೆ

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದೆ. ಲಕೋಟೆ ಅಂಟಿಸುವ ಮುಂಚೆ ಬೇಗ ಬರೆದುಬಿಡುತ್ತೇನೆ. ಅಂಗಡಿಯ ಶಟರ್ ಎಳೆಯುವಾಗ ದೊಡ್ಡಮಾವ ನನ್ನನ್ನು ತಡೆದು ಇನ್ನೊಂದು ಮಾತು ಹೇಳಿದರು. ಆ ದಿನ ನೀವಾಗಿ ಮನೆಗೆ ಬರಲಿಲ್ಲ. ಆ ಮಧ್ಯಾಹ್ನ ನಿಮ್ಮ ಅಣ್ಣ ಮೇಜಿನಿಂದ ತಲೆ ಎತ್ತಿ, ಒಂದೊಂದು ಪದಕ್ಕೂ ನಿಂತು ನಿಂತು, ‘ಅವಳನ್ನ ಕರ್ಕೊಂಡು ಬಾ. ಎಷ್ಟು ದಿನ ಆಯ್ತು ನಕ್ಕು’ ಅಂದನಂತೆ. ಹಿರಿಯರು ಬೇಡ ಅಂದಿದ್ದರೂ ದೊಡ್ಡಮಾವ ಯಾರಿಗೂ ಹೇಳದೆ ಹಿತ್ತಲ ಬಾಗಿಲಿನಿಂದ ಹೋಗಿ ಚಿಕ್ಕಮ್ಮನ ಮನೆಯಿಂದ ನಿಮ್ಮನ್ನು ಬೆನ್ನ ಮೇಲೆ ಹೊತ್ತು ತಂದರಂತೆ. ಕರೆತಂದವನು ನಾನು, ನಾನೇ ಅವನನ್ನು ಕೊಂದೆ ಎಂದು ಕೊರಗುತ್ತಾ ಅವರೂ ಇಷ್ಟು ವರ್ಷ ಬಾಯಿಬಿಟ್ಟಿಲ್ಲ. ಅಣ್ಣ ತಂಗಿ ಇಬ್ಬರೂ ಒಂದೇ ಭಾರವನ್ನು ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಹೊತ್ತಿದ್ದೀರಿ. ಅತ್ತೆ, ಅವನು ನಿಮ್ಮನ್ನು ಕೇಳಿದ. ಕೇಳಿದ್ದು ಸಿಕ್ಕಿತು ಅವನಿಗೆ. ಬಟಾಣಿಯೂ ಈಗ ದಿನಾ ಬೆಳಿಗ್ಗೆ ಆನೆಯನ್ನು ಬಾಯಿಂದ ತೆಗೆದ ಕೂಡಲೇ ಕೇಳುವುದು ನಿಮ್ಮನ್ನೇ. ಇದನ್ನು ದೊಡ್ಡಮಾವನಿಗೆ ಹೇಳಿದೆ. ಶುಕ್ರವಾರ ಅಂಗಡಿ ಮುಚ್ಚಿ ನಿಮ್ಮ ಹತ್ತಿರ ಬರುತ್ತಿದ್ದಾರೆ. ಈ ಸಲವೂ ಯಾರನ್ನೂ ಕೇಳಿಲ್ಲ, ನಿಮ್ಮನ್ನೂ ಕೇಳುವುದಿಲ್ಲವಂತೆ. ಬಾಗಿಲು ತೆಗೆಯಿರಿ. ಬೆನ್ನ ಮೇಲೆ ಹೊರುವ ವಯಸ್ಸಲ್ಲ ಅವರದು, ಇಬ್ಬರೂ ನಿಧಾನವಾಗಿ ನಡೆದುಕೊಂಡು ಬನ್ನಿ.